ಹೆಬ್ಬಾಳದ ಗೇಟಿನಲ್ಲಿ ನಾನು ತೆಗೆಯದ ಬಾಗಿಲು

ಇದನ್ನು ಕಥೆ ಎಂದುಕೊಂಡು ಓದುವವರು ಇಲ್ಲಿಗೇ ನಿಲ್ಲಿಸಿಬಿಡಿ. ಕಥೆ ಕಟ್ಟುವ ಹಾಗಿದ್ದರೆ ಇದರಲ್ಲಿ ನನ್ನನ್ನು ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೂ ಇದನ್ನು ಪೂರ್ತಿ ಹೇಳಿಲ್ಲ.

ನನ್ನ ಹೆಸರು ಮುನಿರಾಜು, ಊರು ಶೆಟ್ಟಿಹಳ್ಳಿ. ಎಪ್ಪತ್ತರ ದಶಕದ ಕೊನೆಯಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಶವಂತಪುರದ ಒಂದು ಪಾರ್ಸೆಲ್ ಕಂಪನಿಯಲ್ಲಿ ಡ್ರೈವರ್ ಆಗಿದ್ದೆ. ಪೂರ್ತಿ ಮುಚ್ಚಿದ ಬಾಡಿಯ ಗಾಡಿ, ಹಿಂದೆ ಎರಡು ತಗಡಿನ ಬಾಗಿಲು. ರಾತ್ರಿಯೆಲ್ಲ ಲೋಡಾಗಿ ಎರಡೂವರೆ ಹೊತ್ತಿಗೆ ಹೊರಟರೆ, ಹೆಬ್ಬಾಳ, ಯಲಹಂಕ ದಾಟಿ ದೊಡ್ಡಬಳ್ಳಾಪುರದ ಅಂಗಡಿಗಳು ತೆರೆಯುವ ಹೊತ್ತಿಗೆ ಮಾಲು ಮುಟ್ಟಿಸಬೇಕಿತ್ತು.

ನನ್ನ ಗಾಡಿಗೆ ಲೋಡು ಮಾಡುತ್ತಿದ್ದವರು ಖಾದರ್ ಭಾಯ್. ಆರ್.ಟಿ. ನಗರದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಎಂಟು ಜನ ಹಮಾಲಿಗಳಲ್ಲಿ ಅವರ ಕೈಯೇ ಬೇರೆ. ಕೊನೆಗೆ ಇಳಿಯುವ ಮಾಲು ಮೊದಲು ಒಳಗೆ ಹೋಗಬೇಕು, ಮೊದಲು ಇಳಿಯುವುದು ಬಾಗಿಲ ಬಳಿ ಇರಬೇಕು, ಭಾರದ್ದು ತಳಕ್ಕೆ, ಗಾಜಿನದ್ದು ಬಟ್ಟೆ ಗಂಟುಗಳ ನಡುವೆ. ಓದು ಬರಹ ಬಾರದ ಮನುಷ್ಯ, ನಾನು ಅಂಗಡಿಗಳ ಹೆಸರನ್ನು ಒಂದು ಸಲ ಹೇಳಿದರೆ ಸಾಕು, ಇಡೀ ಗಾಡಿಯನ್ನು ಆ ಲೆಕ್ಕಕ್ಕೆ ಜೋಡಿಸಿಬಿಡುತ್ತಿದ್ದರು. ಹಲ್ಲುನೋವೆಂದು ಸದಾ ಬಾಯಲ್ಲಿ ಒಂದು ಲವಂಗ ಇರುತ್ತಿತ್ತು. ಅವರು ಹತ್ತಿರ ಬಂದರೆ ಮೊದಲು ಆ ವಾಸನೆ ಬರುತ್ತಿತ್ತು.

ನಾನು ಗಾಡಿಯನ್ನು ರಿವರ್ಸ್ ತೆಗೆಯುವಾಗ ಅವರು ಹಿಂದೆ ನಿಂತು, ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಬಾಡಿಗೆ ತಟ್ಟುತ್ತಿದ್ದರು. ಮೆಲ್ಲಗೆ ತಟ್ಟುತ್ತಿದ್ದರೆ ಬರಬಹುದು. ಜೋರಾಗಿ ಮೂರು ಹೊಡೆತ ಬಿದ್ದರೆ ನಿಲ್ಲಿಸಬೇಕು. ಆ ಮೂರು ಹೊಡೆತ ಕಿವಿಗೆ ಬಿದ್ದರೆ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತಿತ್ತು.

ಲೋಡು ಮುಗಿದ ಮೇಲೆ ಅವರು ಬಾಗಿಲ ಬಳಿಯ ಗಂಟುಗಳ ಮೇಲೆ ಐದು ನಿಮಿಷ ಬೆನ್ನು ಚಾಚುತ್ತಿದ್ದರು. ನಾನು ಟೀ ಕುಡಿದು ಬಂದು, "ಇಳೀರಿ ಭಾಯ್, ಹೊರಡ್ತೀನಿ" ಎನ್ನುತ್ತಿದ್ದೆ. ಅವರು ಇಳಿದ ಮೇಲೆ ಚಿಲಕ ಹಾಕುತ್ತಿದ್ದೆ. ಕೂಗದೆ ಚಿಲಕ ಹಾಕಿದ್ದು ನನಗೆ ನೆನಪಿಲ್ಲ, ಆ ಒಂದು ರಾತ್ರಿ ಬಿಟ್ಟು.

ಅದಕ್ಕೆ ಕಾರಣವನ್ನೂ ಹೇಳಬೇಕು. ಅದಕ್ಕೆ ಇಪ್ಪತ್ತು ದಿನ ಮೊದಲು ಹೆಬ್ಬಾಳ ಕೆರೆಯ ತಿರುವಿನಲ್ಲಿ ನಾನು ಅರೆನಿದ್ದೆಯಲ್ಲಿ ಗಾಡಿಯನ್ನು ರಸ್ತೆಯಿಂದ ಇಳಿಸಿ ಹತ್ತಿಸಿದ್ದೆ. ಲಾಟೀನಿನ ಗಾಜಿನ ಎರಡು ಪೆಟ್ಟಿಗೆ ಪುಡಿಯಾದವು. ಮೇನೇಜರು ಕೇಳಿದಾಗ ನಾನು ಕಣ್ಣು ಮಿಟುಕಿಸದೆ, "ಗಾಜಿನ ಮೇಲೆ ಭಾರ ಇಟ್ಟಿದ್ರು ಸಾರ್" ಎಂದುಬಿಟ್ಟೆ. ಖಾದರ್ ಭಾಯ್ ಪಕ್ಕದಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ಒಂದು ಮಾತೂ ಆಡಲಿಲ್ಲ.

ಮೇನೇಜರು ಉಳಿದ ಹಮಾಲಿಗಳ ಎದುರಿಗೇ ಅವರನ್ನು ಬೈದರು. ಶಿಕ್ಷೆಯನ್ನೂ ಕೊಟ್ಟರು. ನನ್ನ ಗಾಡಿ ಹೋದ ಮೇಲೆ ಗೋಡೌನಿನ ಹಿಂಭಾಗದ ಭಾರದ ಪೆಟ್ಟಿಗೆಗಳನ್ನೆಲ್ಲ ಅವರೊಬ್ಬರೇ ಸರಿ ಜೋಡಿಸಬೇಕು, ತಿಂಗಳು ಪೂರ್ತಿ. ಅಂದಿನಿಂದ ಖಾದರ್ ಭಾಯ್ ನನ್ನ ಜೊತೆ ಮಾತು ಬಿಟ್ಟರು. ತಪ್ಪು ನನ್ನದೇ, ಆದರೂ ನನಗೇ ಸಿಟ್ಟು. ಮಾತು ಬಿಟ್ಟವರ ಮುಂದೆ ನಾನ್ಯಾಕೆ ತಗ್ಗಬೇಕು ಎಂಬ ಜಂಬ. ಹೊರಡುವಾಗ ಬರೀ "ಇಳೀರಿ" ಎಂದು ಕೂಗುತ್ತಿದ್ದೆ, ಭಾಯ್ ಎನ್ನುವುದನ್ನು ಬಿಟ್ಟಿದ್ದೆ.

ಆ ರಾತ್ರಿ ಟೀ ಕುಡಿದು ಬಂದಾಗ ಲೋಡು ಮುಗಿದಿತ್ತು. ಹಮಾಲಿಗಳು ಮನೆಗೆ ಹೊರಟಿದ್ದರು. ಗಾಡಿಯ ಹಿಂದಿನ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಕತ್ತಲು. ಖಾದರ್ ಭಾಯ್ ಎಲ್ಲೂ ಕಾಣಲಿಲ್ಲ. ಒಳಗೆ ಮಲಗಿರಬಹುದು ಎಂದು ಮನಸ್ಸಿಗೆ ಹೊಳೆಯಿತು... ಕೂಗಲಿಲ್ಲ. ಬಾಗಿಲನ್ನು ಧಡಾರನೆ ಹಾಕಿ ಚಿಲಕ ಎಳೆದು ಹೊರಟುಬಿಟ್ಟೆ.

ಮೇಖ್ರಿ ಸರ್ಕಲ್ ದಾಟಿ ಬಳ್ಳಾರಿ ರಸ್ತೆಗೆ ಬಂದಿದ್ದೆ. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆಗ ಕೇಳಿಸಿತು.

ಠಣ್... ಠಣ್... ಠಣ್.

ಕಬ್ಬಿಣದ ಮೇಲೆ ಕಬ್ಬಿಣ. ನನ್ನ ಬೆನ್ನ ಹಿಂದೆ, ಬಾಡಿಯ ಒಳಗಿನಿಂದ. ಕಾಲು ಬ್ರೇಕಿನ ಮೇಲೆ ಹೋಗಿಯೇ ಬಿಟ್ಟಿತ್ತು. ಮರುಕ್ಷಣ ಅರ್ಥವಾಯಿತು. ಖಾದರ್ ಭಾಯ್ ಒಳಗೆ ಸಿಕ್ಕಿಕೊಂಡಿದ್ದಾರೆ.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಖುಷಿಯಾಯಿತು. ಬಡ್ಕೊಳ್ಳಲಿ ಎಂದುಕೊಂಡೆ. ಯಲಹಂಕದವರೆಗೂ ಬಡ್ಕೊಳ್ಳಲಿ, ಅಲ್ಲಿ ಬಾಗಿಲು ತೆಗೆದಾಗ ಅವರೇ ಮೊದಲು ಬಾಯಿ ಬಿಡಬೇಕು. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತಿದೆ.

ಸದ್ದು ನಿಲ್ಲಲಿಲ್ಲ. ಮೂರು ಹೊಡೆತ, ಸ್ವಲ್ಪ ಮೌನ, ಮತ್ತೆ ಮೂರು. ನಡುನಡುವೆ ಕ್ಯಾಬಿನ್ನಿನೊಳಗೆ ಲವಂಗದ ವಾಸನೆ... ಯಾರೋ ನನ್ನ ಹೆಗಲ ಮೇಲೆ ಬಗ್ಗಿ ಉಸಿರು ಬಿಟ್ಟ ಹಾಗೆ. ಕ್ಯಾಬಿನ್ನಿಗೂ ಬಾಡಿಗೂ ನಡುವೆ ದಪ್ಪ ತಗಡಿನ ಗೋಡೆ. ವಾಸನೆ ಹೇಗೆ ಬರುತ್ತದೆ ಎಂದು ಆಗ ಯೋಚಿಸಲಿಲ್ಲ.

ಹೆಬ್ಬಾಳದ ರೈಲ್ವೆ ಗೇಟು ಹಾಕಿತ್ತು. ಆಗ ಅಲ್ಲಿ ಮೇಲ್ಸೇತುವೆ ಇರಲಿಲ್ಲ, ಗೂಡ್ಸ್ ರೈಲು ಬಂತೆಂದರೆ ಕಾಯಲೇಬೇಕು. ಇಂಜಿನ್ ಆಫ್ ಮಾಡಿದೆ. ಕೆರೆಯ ಕಡೆಯಿಂದ ತಣ್ಣನೆ ಗಾಳಿ, ಕಪ್ಪೆಗಳ ಸದ್ದು. ಅದರ ನಡುವೆ ಇನ್ನೂ ಸ್ಪಷ್ಟವಾಗಿ... ಠಣ್, ಠಣ್, ಠಣ್.

ಗೇಟಿನವನು ಲಾಟೀನು ಹಿಡಿದು ಬಂದ.

"ಏನಣ್ಣೋ, ಒಳ್ಗೆ ಯಾರ್ನೋ ಕೂಡಾಕಿದ್ದೀಯಾ? ಬಡೀತಾವ್ರಲ್ಲ!"

"ಯಾರೂ ಇಲ್ಲ. ಮಾಲು ಜರುಗ್ತಾ ಇರ್ಬೇಕು."

"ನಿಂತಿರೋ ಗಾಡೀಲಿ ಮಾಲು ಎಂಗಣ್ಣ ಜರುಗ್ತದೆ? ಇಳ್ದು ಬಾಗ್ಲು ತೆಗ್ದು ನೋಡು. ಉಸ್ರುಗಿಸ್ರು ಕಟ್ಕೊಂಡಾತು."

ಇಳಿಯಲೇಬೇಕಾಯಿತು. ಹಿಂದೆ ಹೋದೆ. ನಾನು ಹತ್ತಿರವಾದಂತೆ ಹೊಡೆತ ಜೋರಾಯಿತು, ಬೇಗಬೇಗ ಬೀಳತೊಡಗಿತು, ನಾನು ಬಂದದ್ದು ಒಳಗಿದ್ದವರಿಗೆ ಗೊತ್ತಾದ ಹಾಗೆ. ಚಿಲಕದ ಮೇಲೆ ಕೈಯಿಟ್ಟೆ. ಒಂದೊಂದು ಹೊಡೆತಕ್ಕೂ ಅದು ನನ್ನ ಅಂಗೈಯಲ್ಲಿ ಅದುರುತ್ತಿತ್ತು. ಅರ್ಧ ಎಳೆದೆ.

ಆಗ ಗೇಟಿನವನ ಮುಖ ಕಣ್ಣಿಗೆ ಬಿತ್ತು. ಈಗ ಬಾಗಿಲು ತೆಗೆದರೆ ಖಾದರ್ ಭಾಯ್ ಈ ಪರಿಚಯವಿಲ್ಲದವನ ಎದುರಿಗೆ ನನ್ನನ್ನು ಬೈಯುತ್ತಾರೆ. ಗಾಜಿನ ವಿಷಯವೂ ಆಚೆ ಬರುತ್ತದೆ. ಅಷ್ಟೇ ನನ್ನ ತಲೆಗೆ ಬಂದದ್ದು. ಚಿಲಕವನ್ನು ಮತ್ತೆ ಒಳಗೆ ತಳ್ಳಿದೆ.

"ಬೀಗದ ಕೈ ಯಲಹಂಕದ ಆಫೀಸಲ್ಲಿದೆ," ಎಂದೆ. ಆ ಬಾಗಿಲಿಗೆ ಬೀಗವೇ ಇರಲಿಲ್ಲ. ನಾನು ಅಡ್ಡ ನಿಂತಿದ್ದರಿಂದ ಅವನಿಗೆ ಅದು ಕಾಣಲಿಲ್ಲ.

"ನಂಗ್ಯಾಕೋ ಸರಿ ಕಾಣ್ತಿಲ್ಲಪ್ಪ," ಎಂದು ಗೊಣಗಿದ ಅವನು, ಗೂಡ್ಸ್ ದಾಟಿದ ಮೇಲೆ ಗೇಟು ಎತ್ತಲು ಹೋದ.

ಗೇಟು ದಾಟಿದ ಮೇಲೆ ಹೊಡೆತಗಳು ಕಡಿಮೆಯಾಗುತ್ತಾ ಬಂದವು. ಮೂರರ ಬದಲು ಎರಡು... ಆಮೇಲೆ ಒಂದೊಂದೇ. ಜಕ್ಕೂರಿನ ಹತ್ತಿರ ಪೂರ್ತಿ ನಿಂತಿತು. ಸುಸ್ತಾಗಿರಬೇಕು ಎಂದುಕೊಂಡೆ. ಬಾಗಿಲು ತೆಗೆದ ತಕ್ಷಣ ಹೇಳಬೇಕಾದ ಮಾತನ್ನೂ ತಯಾರು ಮಾಡಿಕೊಂಡೆ: "ಏನ್ ಭಾಯ್, ಈಗ ಬಾಯಿ ಬಂತಾ?"

ಯಲಹಂಕದಲ್ಲಿ ಟೀ ಅಂಗಡಿಯೊಂದು ಆಗಷ್ಟೇ ಒಲೆ ಹಚ್ಚಿತ್ತು. ಅದರ ಬೆಳಕಿಗೆ ಗಾಡಿ ನಿಲ್ಲಿಸಿ ಬಾಗಿಲು ತೆಗೆದೆ.

ಒಳಗೆ ಯಾರೂ ಇರಲಿಲ್ಲ.

ಇರಲು ಜಾಗವೇ ಇರಲಿಲ್ಲ. ಬಾಗಿಲಿಗೆ ಒತ್ತಿಕೊಂಡಂತೆ ತಳದಿಂದ ಛಾವಣಿಯವರೆಗೆ ನೂಲಿನ ಗಂಟುಗಳು. ಆ ರಾತ್ರಿ ಗಾಡಿ ತುಂಬಿಬಿಟ್ಟಿತ್ತು, ಬೆಕ್ಕು ನುಸುಳುವಷ್ಟು ಸಂದೂ ಇಲ್ಲ. ಹೊರಡುವಾಗ ಕತ್ತಲಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಲವಂಗದ ವಾಸನೆ ಮಾತ್ರ ಗಪ್ಪನೆ ಮುಖಕ್ಕೆ ಬಡಿಯಿತು.

"ಭಾಯ್..." ಎಂದೆ. ಇಪ್ಪತ್ತು ದಿನದ ಮೇಲೆ ಅವರನ್ನು ಹಾಗೆ ಕರೆದದ್ದು ಅದೇ ಮೊದಲು. ಮೇಲಿನ ಗಂಟುಗಳನ್ನು ಕೆಳಗೆಳೆದು, ಹೊಟ್ಟೆಯ ಮೇಲೆ ತೆವಳಿಕೊಂಡು ಕ್ಯಾಬಿನ್ನಿನ ಗೋಡೆಯವರೆಗೂ ಕೈಯಾಡಿಸಿದೆ. ತಗಡಿನ ಮೇಲೆ ಒಂದು ಗೀರೂ ಸಿಗಲಿಲ್ಲ. ಆಗಲಾದರೂ ಗಾಡಿ ತಿರುಗಿಸಿ ವಾಪಸ್ ಓಡಬೇಕಿತ್ತು. ಹೆದರಿ ಟೀ ಅಂಗಡಿಯ ಬೆಂಚಿನ ಮೇಲೆ ಬೆಳಕು ಹರಿಯುವವರೆಗೂ ಕೂತುಬಿಟ್ಟೆ. ಆಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗಿ ಮಾಲು ಇಳಿಸಿದೆ.

ಮಧ್ಯಾಹ್ನ ಯಶವಂತಪುರಕ್ಕೆ ಬಂದರೆ ಗೋಡೌನಿನಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಹಮಾಲಿಗಳಲ್ಲೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ.

"ಖಾದರ್ ಭಾಯ್ ಮೇಲೆ ಪಂಪ್‌ಸೆಟ್ ಪೆಟ್ಟಿಗೆ ಬಿದ್ದ್ವು ಕಣಣ್ಣ. ಒಬ್ರೇ ಹಿಂದ್ಗಡೆ ಜೋಡಿಸ್ತಾ ಇದ್ರಲ್ಲ. ನಿಮ್ ಗಾಡಿ ಹೋಗಿ ಸ್ವಲ್ಪ ಹೊತ್ಗೇ ಅಂತೆ. ಬೆಳಗ್ಗೆ ನಾವ್ ಬರೋವರ್ಗೂ ಯಾರ್ಗೂ ಗೊತ್ತೇ ಆಗಿಲ್ಲ."

ಕಾಲಿನ ಮೇಲೆ ಪೆಟ್ಟಿಗೆ ಬಿದ್ದು ಅಲ್ಲೇ ಸಿಕ್ಕಿಕೊಂಡಿದ್ದರು. ಕೈಗೆ ಸಿಕ್ಕ ಕೊಕ್ಕೆಯಿಂದ ಗೋಡೆಯ ತಗಡಿಗೆ ಹೊಡೆದೇ ಹೊಡೆದಿದ್ದರು. ವಾಚ್‌ಮನ್ ಇದ್ದದ್ದು ರಸ್ತೆ ಕಡೆಯ ಗೇಟಿನಲ್ಲಿ. ಪಕ್ಕದ ರೈಲ್ವೆ ಯಾರ್ಡಿನಲ್ಲಿ ರಾತ್ರಿಯೆಲ್ಲ ಶಂಟಿಂಗ್ ಗಲಾಟೆ, ಅವನಿಗೆ ಏನೂ ಕೇಳಿಸಿರಲಿಲ್ಲ. ನಾನು ಹಿಂಭಾಗಕ್ಕೆ ಹೋಗಿ ಆ ತಗಡನ್ನು ನೋಡಿದೆ. ಕೊಕ್ಕೆಯ ಗುರುತುಗಳು ಮೂರು ಮೂರರ ಗುಂಪಾಗಿ ಬಿದ್ದಿದ್ದವು.

ಆಸ್ಪತ್ರೆಯಲ್ಲಿ ಅವರ ಒಂದು ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ರಾತ್ರಿಯೇ ಕರೆತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು ಡಾಕ್ಟರು ಅವರ ಹೆಂಡತಿಗೆ ಹೇಳಿದರಂತೆ. ಗೇಟಿನಲ್ಲಿ ನಾನು ಆ ಬಾಗಿಲು ತೆಗೆದಿದ್ದರೆ, ಒಳಗೆ ಯಾರೂ ಇಲ್ಲದ್ದನ್ನು ಅಲ್ಲೇ ನೋಡುತ್ತಿದ್ದೆ. ಪಕ್ಕದಲ್ಲಿ ಗೇಟಿನವನು ಇದ್ದ, ಅವನ ಮಾತಿಗಾದರೂ ವಾಪಸ್ ಬರುತ್ತಿದ್ದೆ. ಅಲ್ಲಿಂದ ಯಶವಂತಪುರಕ್ಕೆ ಇಪ್ಪತ್ತು ನಿಮಿಷದ ದಾರಿ.

ನಾಲ್ಕನೇ ದಿನ ಧೈರ್ಯ ಮಾಡಿ ಆಸ್ಪತ್ರೆಗೆ ಹೋದೆ. ಎಲ್ಲವನ್ನೂ ಹೇಳಿ ಕಾಲು ಹಿಡಿದುಕೊಳ್ಳಬೇಕು ಎಂದುಕೊಂಡೇ ಹೋಗಿದ್ದೆ. ಅವರ ಹೆಂಡತಿ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದರು. ಖಾದರ್ ಭಾಯ್ ನನ್ನನ್ನು ಕಂಡು ನಕ್ಕರು.

"ಬನ್ನಿ ರಾಜಣ್ಣ, ಕೂತ್ಕೊಳ್ಳಿ."

"ಭಾಯ್... ಆ ಗಾಜು ಒಡೆದಿದ್ದು ನನ್ನಿಂದ. ನಾನು ಸುಳ್ಳು ಹೇಳ್ದೆ."

"ಗೊತ್ತು ಬಿಡಿ. ನನ್ ಕೈಯಾರೆ ಇಟ್ಟಿದ್ದು, ನಂಗೆ ಗೊತ್ತಿರಲ್ವಾ?"

ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಉಳಿದದ್ದನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದರು.

"ಒಂದ್ ಮಾತು ಕೇಳ್ಲಾ? ನಗ್ಬಾರ್ದು. ಅವತ್ತು ಬಿದ್ಕೊಂಡು ತಗಡಿಗೆ ಹೊಡೀತಾ ಇದ್ನಲ್ಲ... ನಿಮ್ದು ಗಾಡಿ ಸದ್ದು ದೂರ ಹೋಗ್ಲೇ ಇಲ್ಲ ರಾಜಣ್ಣ. ಗೋಡೆ ಆ ಕಡೆನೇ ಓಡ್ತಾ ಇದ್ದಂಗಿತ್ತು. ಆಮೇಲೆ ಇಂಜಿನ್ ಆಫ್ ಆಯ್ತು. ನೀವು ಇಳಿದ್ರಿ. ಬಾಗ್ಲು ತೆಗ್ದು ನೋಡು ಅಂತ ಯಾರೋ ನಿಮ್ಗೆ ಹೇಳಿದ್ರು. ಚಿಲಕ ಅಲ್ಲಾಡ್ತು... ಯಾ ಅಲ್ಲಾ, ರಾಜಣ್ಣ ಬಂದ್ರು ಅಂತ ಇದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ."

"ಜ್ವರದಲ್ಲಿ ಏನೇನೋ ಹೇಳ್ತಾರೆ ಅಣ್ಣಾ, ಮನಸ್ಸಿಗೆ ಹಚ್ಕೋಬೇಡಿ," ಎಂದರು ಅವರ ಹೆಂಡತಿ.

ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. ಖಾದರ್ ಭಾಯ್ ಅದನ್ನು ಇನ್ನೂ ಬಿಗಿಯಾಗಿ ಹಿಡಿದು ಕೇಳಿದರು.

"ನೀವು ಎಲ್ಲಾದ್ರೂ ನಿಲ್ಲಿಸಿದ್ರಾ ಅವತ್ತು?"

"ಇಲ್ಲ ಭಾಯ್," ಎಂದೆ. "ಎಲ್ಲೂ ನಿಲ್ಲಿಸ್ಲಿಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೈ ಬಿಟ್ಟು ದಿಂಬಿಗೆ ತಲೆಯಾನಿಸಿದರು.

"ಅದೇ ನಾನೂ ಇವ್ಳಿಗೆ ಹೇಳ್ದೆ. ರಾಜಣ್ಣ ಚಿಲಕದವರೆಗೂ ಬಂದಿದ್ರೆ ತೆಗೀದೆ ಹೋಗ್ತಿದ್ರಾ?"

ಖಾದರ್ ಭಾಯ್ ಅದಾದ ಮೇಲೂ ಬಹಳ ವರ್ಷ ಬದುಕಿದ್ದರು. ಆರ್.ಟಿ. ನಗರದ ಅವರ ಮನೆಗೆ ನಾನು ಹೋಗುತ್ತಲೇ ಇದ್ದೆ, ಟೀ ಕುಡಿಯುತ್ತಾ ಹಳೆಯ ದಿನಗಳ ಮಾತು ಎಷ್ಟೋ ಆಡಿದ್ದೇವೆ. ಆ ಸದ್ದು ಅಷ್ಟು ದೂರ ನನ್ನ ಬೆನ್ನ ಹಿಂದೆ ಹೇಗೆ ಬಂತು, ನನ್ನ ಚಿಲಕದ ಸದ್ದು ಅವರಿಗೆ ಹೇಗೆ ಮುಟ್ಟಿತು, ನನಗೆ ಗೊತ್ತಿಲ್ಲ. ಭ್ರಮೆ ಎನ್ನೋಣವೆಂದರೆ ಗೇಟಿನವನೂ ಕೇಳಿಸಿಕೊಂಡಿದ್ದ. ಆ ಪ್ರಶ್ನೆಯನ್ನು ಖಾದರ್ ಭಾಯ್ ಮತ್ತೆ ಒಮ್ಮೆಯೂ ಕೇಳಲಿಲ್ಲ. ನನ್ನ ಮಾತನ್ನು ನಂಬಿ ಸುಮ್ಮನಾದರೋ, ಗಾಜಿನ ವಿಷಯದ ಹಾಗೆ ಇದೂ ಗೊತ್ತಿದ್ದು ಸುಮ್ಮನಿದ್ದರೋ... ಅದನ್ನು ಕೇಳುವ ಧೈರ್ಯ ಅವರು ಮಣ್ಣಾಗುವವರೆಗೂ ನನಗೆ ಬರಲಿಲ್ಲ.