ಬೆನ್ನ ಮೇಲೆ ಗುರುತಿಲ್ಲದ ದೇವಿ

ಸೂರ್ಯ ಇನ್ನೂ ಆಕಳಿಸುತ್ತಿದ್ದಾನೆ. ಮಣ್ಣಕ್ಕ ಆಗಲೇ ಮೊಣಕೈವರೆಗೆ ಜೇಡಿಮಣ್ಣಿನಲ್ಲಿದ್ದಾರೆ. ಅರವತ್ತೊಂದರ ಈ ಹೆಂಗಸು ಇದುವರೆಗೆ ತುಳಿದು ಹದ ಮಾಡಿದ ಮಣ್ಣನ್ನು ಒಂದೆಡೆ ರಾಶಿ ಹಾಕಿದರೆ ಚಂದ್ರ ಅದನ್ನು ಬಳಸಿಕೊಂಡು ಹೋಗಬೇಕಾದೀತು. ನಂಬದವರು ಬಂದು ಅಳೆಯಲಿ. ನಾನು ಅರ್ಧ ಅಳೆದು ಸುಸ್ತಾಗಿದ್ದೇನೆ.

ನಿಜ ಹೇಳಬೇಕೆಂದರೆ, ನಾನು ಬಂದದ್ದು ಅವರ ಯಜಮಾನರ ಬಗ್ಗೆ ಬರೆಯಲು. ದೇವಿಯ ಮೂರ್ತಿ ಎಂದರೆ ಅವರೇ ಮಾಡಬೇಕು ಎಂಬಷ್ಟು ಹೆಸರು. ಪ್ರತಿ ಮೂರ್ತಿಯ ಬೆನ್ನಿನ ಹಸಿಮಣ್ಣಿನಲ್ಲಿ ಅವರ ಹೆಬ್ಬೆರಳ ಗುರುತಿರುತ್ತದೆ, ನಡುವೆ ಹಳೆಯ ಗಾಯದ ಗೆರೆ. ಗಿರಾಕಿಗಳು ಮೊದಲು ಬೆನ್ನು ಸವರುತ್ತಾರೆ, ಆಮೇಲೆ ಮುಖ ನೋಡುತ್ತಾರೆ.

ಅರ್ಧ ಗಂಟೆ ಮೊದಲೇ ಬಂದದ್ದು ನನ್ನ ತಪ್ಪು. ಮಂಚದ ಪರದೆ ಇನ್ನೂ ಎಳೆದಿಲ್ಲ. ಅಲ್ಲಿ ಯಜಮಾನರು ಮಲಗಿದ್ದಾರೆ. ಬಾಯಿ ಒಂದು ಕಡೆಗೆ ಜಾರಿದೆ, ಕೈಗಳು ಒಣಗಲು ಹಾಕಿದ ಬಟ್ಟೆಯಂತಿವೆ.

“ಲಕ್ವ ಹೊಡೆದು ಮೂರು ವರ್ಷ ಆಯ್ತು. ಮಾತಿಲ್ಲ,” ಎನ್ನುತ್ತಾರೆ ಮಣ್ಣಕ್ಕ.

“ಮತ್ತೆ ಮೂರ್ತಿ?”

“ಜನ ಇದ್ರೆ ಅವರಿಗೆ ಕೈ ಓಡಲ್ಲ, ನೀವು ಹೋದ್ಮೇಲೆ ಎದ್ದು ಮಾಡ್ತಾರೆ ಅಂತೀನಿ. ಎಂಥೆಂಥಾ ಓದಿದವರು ನಂಬಿದಾರೆ ಗೊತ್ತಾ!”

ಮೂರು ವರ್ಷದಲ್ಲಿ ನೂರ ಹದಿನಾಲ್ಕು ಮೂರ್ತಿ. ಎಲ್ಲವೂ ಇವರ ಕೈಯಿಂದಲೇ. ಕೊನೆಗೆ ಗಂಡನ ಸೋತ ಹೆಬ್ಬೆರಳನ್ನು ಎತ್ತಿ ಮಣ್ಣಿಗೆ ಒತ್ತುತ್ತಾರೆ.

“ಮೊದಲೂ ಮೈ ಎಲ್ಲ ನಾನೇ ಮಾಡ್ತಿದ್ದೆ, ಮುಖ ಅವರದು. ನಾನೇನಾದ್ರೂ ಮುಖಕ್ಕೆ ಕೈ ಹಾಕಿದ್ನೋ, ‘ಮೂಗು ಸೊಟ್ಟಗಿದೆ ಕಣೇ’ ಅಂತ ಬೈಗುಳ. ಚೆನ್ನಾಗಿದೆ ಅಂತ ಒಂದ್ಸಲ ಬಾಯಿ ಬಿಡ್ಲಿಲ್ಲ, ಮಹಾರಾಯರು.”

ಇವತ್ತಿನ ಮೂರ್ತಿಯಲ್ಲಿ ದೇವಿ ನಿಂತಿದ್ದಾಳೆ, ಪಾದದ ಕೆಳಗೆ ಶಿವ ಮಲಗಿದ್ದಾನೆ. ಶಿವನ ಪಕ್ಕೆಲುಬು ಎಣಿಸಬಹುದು, ಮಂಚದ ಮೇಲಿನವರದೂ.

“ಅವನು ಹೆಣದ ಹಾಗೆ ಬಿದ್ದಿರ್ತಾನೆ. ಅವಳು ಮುಟ್ಟಿದ್ಮೇಲೇ ಕಣ್ಣು ಬಿಡೋದು, ಆಮೇಲೇ ಲೋಕ ಹುಟ್ಟೋದು ಅಂತಾರೆ.” ಮಣ್ಣಕ್ಕ ಮಂಚದ ಕಡೆ ನೋಡುತ್ತಾರೆ. “ನಾನೂ ದಿನಾ ಮುಟ್ತೀನಿ.”

ಎಂಟಕ್ಕೆ ಗಿರಾಕಿ ಬರುವವನಿದ್ದಾನೆ. ಅವನು ಒಪ್ಪಿದರೆ ಮೂರ್ತಿ ಸುಡಲು ಹೋಗುತ್ತದೆ. ಮಣ್ಣಕ್ಕ ಮೂರ್ತಿಯಿರುವ ಹಲಗೆಯನ್ನು ಮಂಚದ ಹತ್ತಿರ ತಂದು ದೇವಿಯ ಬೆನ್ನಿಗೆ ನೀರು ಸವರುತ್ತಾರೆ. “ರೀ, ಕೈ ಕೊಡ್ರೀ.”

ಎಲ್ಲವನ್ನೂ ಹತ್ತುಪಟ್ಟು ಹೇಳುವವನು ನಾನು. ಇದನ್ನು ಮಾತ್ರ ಇದ್ದಷ್ಟೇ ಹೇಳುತ್ತೇನೆ: ಆ ಹೆಬ್ಬೆರಳು ಅಲುಗುತ್ತದೆ. ನಿಧಾನವಾಗಿ ಅಂಗೈಯೊಳಗೆ ಸರಿಯುತ್ತದೆ; ಉಳಿದ ನಾಲ್ಕು ಬೆರಳು ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ಮೂರು ವರ್ಷದಲ್ಲಿ ಆ ಕೈ ಮಾಡಿದ ಮೊದಲ ಕೆಲಸ. ಕಣ್ಣು ಮೂರ್ತಿಯ ಮೇಲಿದೆ.

“ಹಠ ನೋಡಿ!” ಮಣ್ಣಕ್ಕ ನಗಲು ಹೋಗುತ್ತಾರೆ, ಅರ್ಧಕ್ಕೇ ನಿಲ್ಲುತ್ತದೆ. “ಇದು ನಂದಲ್ಲ ಅಂತಿದಾರೋ, ಇದಕ್ಕೆ ನನ್ನ ಗುರುತು ಯಾಕೆ, ನಿಂದೇ ಸಾಕು ಅಂತಿದಾರೋ.” ಆ ಮುಷ್ಟಿಯ ಮೇಲೆ ಕೈಯಿಟ್ಟು, “ಎಳೆದ್ರೆ ಬಿಡುತ್ತೆ. ಬೇಡ.”

ಅವರು ಪರದೆ ಎಳೆಯುವಷ್ಟರಲ್ಲಿ ಗಿರಾಕಿ ಬರುತ್ತಾನೆ. ಮುಖ ನೋಡಿ ಚಪ್ಪಲಿ ಬಿಡುತ್ತಾನೆ. “ಅಬ್ಬಾ, ಉಸಿರಾಡ್ತಿದಾಳಲ್ಲ! ಇದು ಯಜಮಾನರಿಗೆ ಮಾತ್ರ ಸಾಧ್ಯ.” ಬೆನ್ನು ಸವರುತ್ತಾನೆ. ಮತ್ತೆ ಸವರುತ್ತಾನೆ. “ಗುರುತೆಲ್ಲಮ್ಮ?”

“ಇದು ನಾನು ಮಾಡಿದ್ದು.”

ಅವನು ಬಿಸಿ ಹಂಚು ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆಯುತ್ತಾನೆ. “ಯಜಮಾನರೇ ಒಂದು ಮಾಡ್ಲಿ, ಆಮೇಲೆ ಬರ್ತೀನಿ.” ಚಪ್ಪಲಿ ಹಾಕಿಕೊಳ್ಳುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ.

“ಇದನ್ನೆಲ್ಲ ಬರೀಬಹುದಾ?” ಎನ್ನುತ್ತೇನೆ.

“ಬರೀರಿ. ನೂರ ಹದಿನಾಲ್ಕನ್ನೂ ಬರೀರಿ. ಇನ್ನು ಮುಚ್ಚಿಟ್ಟು ಏನಾಗ್ಬೇಕು?”

ಪರದೆ ಸರಿಸಿ, ದೇವಿಯನ್ನು ಮಂಚದ ಕಡೆಗೆ ತಿರುಗಿಸಿ, ಆ ಮುಷ್ಟಿಯ ಪಕ್ಕ ಕೂರುತ್ತಾರೆ.

“ನಂಗೇನೂ ಬೇಡಪ್ಪ. ಮೂಗು ಸೊಟ್ಟಗಿದೆ ಅಂತ ಇವರು ಒಂದ್ಸಲ ಬೈದ್ರೆ ಸಾಕು.”

ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ತಾವೇ ಸೇರಿಸುತ್ತಾರೆ:

“ಸೊಟ್ಟಗೇನಿಲ್ಲ. ನಾನು ನೋಡಿದೀನಿ.”