ಸುತಳಿ ಹೊಲಿಗೆಯ ಬೂಟು

ಗೋವಾ ಗಡಿ ಹತ್ತಿರದ ರಾಮನಗರದ ಚಹಾದಂಗಡಿಯಲ್ಲಿ ಕೂತಿದ್ದೇವೆ. ಹಳಿಯಾಳದಿಂದ ನಸುಕಿನಲ್ಲೇ ಹೊರಟು ಎರಡು ಬಸ್ಸು ಬದಲಿಸಿದ್ದಾಯಿತು. ಮೂರನೆಯದು, ಗೋವಾದ್ದು, ಎಲ್ಲಿದೆಯೋ. ನನ್ನ ಬೆನ್ನು ಬೇರೆ ಯಾರದೋ ಅನ್ನಿಸುತ್ತಿದೆ. ತಂಗಿ ರೇಣುಕಾಗೆ ನಾಳೆ ಮಡಗಾಂವದಲ್ಲಿ ಆಯ್ಕೆ: ನೆರೆದೇಶಗಳ ಹುಡುಗಿಯರ ಫುಟ್‌ಬಾಲ್ ಪಂದ್ಯಾವಳಿಗೆ ಹೋಗುವ ಭಾರತ ತಂಡಕ್ಕೆ. ಅವಳಿಗಿರುವುದು ಒಂದೇ ಜೊತೆ ಬೂಟು. ಮಳೆಗೆ ನೆನೆದಿದ್ದ ಅದನ್ನು ಒಣಗಿಸೋಣವೆಂದು ನಾನು, ನಮ್ಮ ಮನೆಯ ಏಕೈಕ ಬುದ್ಧಿವಂತ, ಅಂಗಡಿಯ ಒಲೆ ಪಕ್ಕ ಇಟ್ಟು ತೂಕಡಿಸಿದೆ. ಕಣ್ಣು ಬಿಟ್ಟಾಗ ಅಂಟು ಕರಗಿ, ಬಲಗಾಲಿನ ಬೂಟು ದಾಂಡೇಲಿಯ ಮೊಸಳೆಯಂತೆ ಬಾಯಿ ತೆರೆದಿತ್ತು.

“ಯಾಕರ ಕರ್ಕೊಂಡ್ ಬಂದ್ನೋ ಅಣ್ಣಾ ನಿನ್ನ!” ರೇಣುಕಾ ಅಳುವುದೊಂದು ಬಾಕಿ.

ಪಕ್ಕದಲ್ಲಿ ಭತ್ತದ ಚೀಲ ಹೊಲಿಯುತ್ತಿದ್ದ ಹಮಾಲರೊಬ್ಬರು ಕೈ ಚಾಚಿದರು. “ತಾ ಇಲ್ಲೆ, ತಂಗಿ.” ದಬ್ಬಣಕ್ಕೆ ಸುತಳಿ ಪೋಣಿಸಿ, ಚೀಲದ ಬಾಯಿ ಹೊಲಿದಂತೆಯೇ ಅಟ್ಟೆಯ ಸುತ್ತ ಹೊಲಿದರು.

“ಕಾಕಾ, ಒದ್ರ ತಡೀತೈತೇನ್ರಿ?” ಎಂದೆ.

“ಲಾರಿ ಮ್ಯಾಲಿಂದ ಚೀಲ ಒಗದ್ರೂ ಈ ಹೊಲಿಗಿ ಬಿಚ್ಚಂಗಿಲ್ಲ. ನೀ ಮಾತ್ರ ಒಲಿ ಕಡೆ ಒಯ್ಯಬ್ಯಾಡಪಾ.”

ರೇಣುಕಾ ಬೂಟು ಹಾಕಿಕೊಂಡು ಸುತ್ತ ನೋಡಿದಳು. ಒದೆಯಲು ಬೇರೇನೂ ಸಿಗದೆ ನನ್ನ ಬ್ಯಾಗಿಗೇ ಒದ್ದಳು. ಅದು ರಸ್ತೆ ದಾಟಿತು, ಹೊಲಿಗೆ ಅಲ್ಲಾಡಲಿಲ್ಲ. ನಾನು ಓಡಿ ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಬಸ್ಸು ಬಂತು.

ಸೀಟು ಸಿಕ್ಕ ಮೇಲೂ ಅವಳು ಬೂಟು ಬಿಚ್ಚಲಿಲ್ಲ. ನನ್ನ ಕೈಗೆ ಸಿಗದಂತೆ ಎರಡೂ ಕಾಲನ್ನು ಕಿಟಕಿ ಕಡೆ ಎಳೆದುಕೊಂಡು ನಿದ್ದೆಹೋದಳು.