ಎತ್ತಿನ ಲಾಳದ ಹೂವಪ್ಪನೂ ಕುದುರೆಮರಿಯ ಕಾಲೂ

ಬಟ್ಟೆಮಲ್ಲಪ್ಪ ಎಂಬ ಊರಿನ ಆಸುಪಾಸಿನಲ್ಲಿ ಹೂವಪ್ಪನ ಬಾಯಿಂದ ‘ನಂಗೆ ಗೊತ್ತಿಲ್ಲ’ ಎಂಬ ಮಾತು ಕೇಳಿದವರು ಯಾರೂ ಇರಲಿಲ್ಲ. ದಾರಿಹೋಕರು ಹೊಸನಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ, ಗೊತ್ತಿರಲಿ ಬಿಡಲಿ, ಒಂದು ಹೊತ್ತು ಹೇಳಿ ಕೂರಿಸುವ ಪರೋಪಕಾರಿ ಆತ. ನಿಜವಾಗಿ ಗೊತ್ತಿದ್ದ ವಿದ್ಯೆ ಒಂದೇ: ಎತ್ತಿಗೆ ಲಾಳ ಕಟ್ಟುವುದು. ಹಗ್ಗ ಹಾಕಿ ಎತ್ತನ್ನು ಕೆಡವಿ, ಸೀಳು ಗೊರಸಿನ ಹೋಳಿಗೊಂದರಂತೆ ನಾಲ್ಕು ಕಾಲಿಗೆ ಎಂಟು ಲಾಳ ಹೊಡೆದು ಎಬ್ಬಿಸುವುದು. ಮೂವತ್ತು ವರ್ಷ ಅದನ್ನೇ ಮಾಡಿದ. ಆಮೇಲೆ ಊರಿಗೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿಗೆ ಗೊರಸಿಲ್ಲ. ಹನ್ನೊಂದು ವರ್ಷದಿಂದ ಸುತ್ತಿಗೆ, ಇಕ್ಕಳ, ಅರ ಎಲ್ಲವೂ ಗೋಣಿಚೀಲದಲ್ಲಿ ಮಲಗಿದ್ದವು, ಖಾಲಿ ಕೊಟ್ಟಿಗೆ ನೋಡಿದಾಗಲೆಲ್ಲ ಹೂವಪ್ಪ ಟ್ರ್ಯಾಕ್ಟರಿಗೆ ಶಾಪ ಹಾಕುತ್ತಿದ್ದ.

ಸಾಗರದಲ್ಲಿ ಮದುವೆ ಗಂಡುಗಳನ್ನು ಮೆರವಣಿಗೆಯಲ್ಲಿ ಹೊತ್ತು ತಿರುಗುವ ಬಿಳಿ ಕುದುರೆಯೊಂದಿದೆ, ಹೆಸರು ಚಾಂದಿನಿ. ಅದರ ಯಜಮಾನ ಯೋಗರಾಜ್ ಒಂದು ಬೆಳಿಗ್ಗೆ ಅದನ್ನೂ ಅದರ ಹನ್ನೆರಡು ದಿನದ ಮರಿಯನ್ನೂ ಪಿಕಪ್ಪಿನಲ್ಲಿ ತಂದು ಹೂವಪ್ಪನ ಅಂಗಳದಲ್ಲಿ ಇಳಿಸಿದ. ಮರಿಯ ಮುಂದಿನ ಬಲಗಾಲಿನ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಎತ್ತರದ ನಾಗಂದಿಗೆಯ ಬೆಲ್ಲಕ್ಕೆ ಕೈಚಾಚುವ ಮಗುವಿನ ಹಾಗೆ ಗೊರಸಿನ ತುದಿಯಲ್ಲೇ ನಿಂತಿತ್ತು.

“ಹೂವಪ್ಪಣ್ಣ, ನರ ಎಳ್ಕೊಂಡಿದ್ಯಂತೆ. ಒಂದು ತಿಂಗಳೊಳಗೆ ಗೊರಸು ನೆಲಕ್ಕೆ ಊರದಿದ್ರೆ ಜನ್ಮಪೂರ್ತಿ ಕುಂಟೇ ಅಂದ್ರು ಪಶು ಆಸ್ಪತ್ರೆ ವಂದನಾ ಡಾಕ್ಟ್ರು. ದಿನಾ ನೋಡ್ಕೊಳ್ಳೋಕೆ ಗೊರಸಿನ ಕೆಲ್ಸ ಬಲ್ಲೋರು ಬೇಕಂತೆ. ಮೊದ್ಲು ಅವ್ರಿಗೊಂದು ಫೋನ್ ಮಾಡಿ, ಹೆಂಗೆ ಅಂತ ಹೇಳ್ತಾರೆ. ನಿಮ್ಗೆ ಕುದ್ರೆ ಕೆಲ್ಸ ಗೊತ್ತಲ್ಲಾ?”

“ಕುದ್ರೇನಾ?” ಹೂವಪ್ಪ ನಕ್ಕ. “ಎಷ್ಟ್ ನೋಡಿಲ್ಲ ನಾನು!”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ದುಗ್ಗಮ್ಮನಿಗೆ ಲೆಕ್ಕ ಗೊತ್ತಿತ್ತು. ಗಂಡ ನೋಡಿದ್ದು ಒಂದೇ ಕುದುರೆ. ಅದೂ ತೀರ್ಥಹಳ್ಳಿಯ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ ಕೂತು, ಕಿಟಕಿಯಿಂದ.

“ಅಟ್ಟ ಹಾರದವ ಬೆಟ್ಟ ಹಾರಿದ್ನಂತೆ,” ಎಂದಳು, ಯೋಗರಾಜ್ ಹೋದ ಮೇಲೆ. “ಆ ಡಾಕ್ಟ್ರಮ್ಮಂಗೆ ಫೋನ್ ಮಾಡಿ.”

“ಎತ್ತಾದ್ರೇನು ಕುದ್ರೆಯಾದ್ರೇನು, ಗೊರಸು ಗೊರಸೇ ಕಣೆ.”

ಗೋಣಿಚೀಲ ಬಿಚ್ಚಿ ರೂಢಿಯಂತೆ ಎಂಟು ಲಾಳ ಎಣಿಸಿಟ್ಟ. ಮರಿಯ ಗೊರಸು ನೋಡಿದರೆ ಸೀಳೇ ಇಲ್ಲ, ಹಲಸಿನ ಬೀಜದಷ್ಟು ನುಣುಪು. ಲಾಳಗಳನ್ನು ದುಗ್ಗಮ್ಮನಿಗೆ ಕಾಣದಂತೆ ಚೀಲಕ್ಕೆ ಸೇರಿಸಿ, ಮರಿಯನ್ನು ಕೆಡವಲು ಹಗ್ಗ ತೆಗೆದ. ಚಾಂದಿನಿ ಕತ್ತು ಚಾಚಿ ಅವನ ತಲೆಯ ಮೇಲಿದ್ದ ಅಡಕೆ ಹಾಳೆಟೊಪ್ಪಿ ಕಿತ್ತುಕೊಂಡು ಕರುಮುರು ತಿಂದು, ಇನ್ನೊಂದು ಇದೆಯೇ ಎಂದು ಬೋಳುತಲೆ ಮೂಸಿ ನೋಡಿತು.

ಇಷ್ಟಾದರೂ ಮನುಷ್ಯನಿಗೆ ಬುದ್ಧಿ ಬರಬೇಕಲ್ಲ! ಅಡಕೆ ಹಾಳೆಯಲ್ಲಿ ನಮ್ಮ ಕಡೆಯವರು ಊಟದ ತಟ್ಟೆ ಮಾಡುತ್ತಾರೆ, ಟೊಪ್ಪಿ ಮಾಡುತ್ತಾರೆ, ಉಳಿದದ್ದನ್ನು ಕೊಚ್ಚಿ ದನಕ್ಕೆ ಹಾಕುತ್ತಾರೆ. ಹೂವಪ್ಪ ಅದೇ ಹಾಳೆ ನೆನೆಸಿ, ಮಡಚಿ, ಮರಿಯ ಕಾಲಿಗೆ ಚೆಂದದೊಂದು ಬೂಟು ಕಟ್ಟಿದ. ಮಾರನೆಯ ಬೆಳಿಗ್ಗೆ ಬೂಟಿಲ್ಲ. ಚಾಂದಿನಿ ತೃಪ್ತಿಯಿಂದ ಬಾಯಾಡಿಸುತ್ತಿತ್ತು. ಐದು ದಿನಕ್ಕೆ ಐದು ಬೂಟು ಅದರ ಹೊಟ್ಟೆ ಸೇರಿದವು. “ಮರಿ ಕಾಲಿಗೆ ಮೇವು ಕಟ್ಟಿದ್ದು ನೀವು, ಅದು ತಿಂದ್ರೆ ಅದ್ರ ತಪ್ಪಾ?” ಎಂದಳು ದುಗ್ಗಮ್ಮ.

ಆರನೆಯ ದಿನ ಮರಿ ಮುಗ್ಗರಿಸಿ ಬಿತ್ತು. ಕಾಲಿನ ಗಂಟು ತರಚಿ ರಕ್ತ ಬಂತು. ಎದ್ದು ನಿಲ್ಲಲು ಹೋಯಿತು, ಮತ್ತೆ ಬಿತ್ತು, ಹೂವಪ್ಪನ ಕಡೆ ನೋಡಿತು. ಹೂವಪ್ಪ ಅದನ್ನು ಎತ್ತಿ ನಿಲ್ಲಿಸಿದ. ತನ್ನ ಜಂಬಕ್ಕೆ ಆರು ದಿನ ಹಾಳಾಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು. ಸೀದಾ ಹೋಗಿ ಫೋನು ಹಚ್ಚಿದ.

“ಡಾಕ್ಟ್ರಮ್ಮ, ನಾನು ಹೂವಪ್ಪ. ಈ ಕುದ್ರೆ ಕೆಲ್ಸ... ನಂಗೆ ಗೊತ್ತಿಲ್ಲ.”

ದುಗ್ಗಮ್ಮ ಓಡಿಬಂದು ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವೇನೂ ಇರಲಿಲ್ಲ.

ವಂದನಾ ಡಾಕ್ಟರು ಅಂದೇ ಮಧ್ಯಾಹ್ನ ಬಂದರು, ಬೈಯಲಿಲ್ಲ. “ಇನ್ನೂ ಹೊತ್ತು ಮೀರಿಲ್ಲ ಹೂವಪ್ಪನವರೇ. ಎಳೆ ಗೊರಸು, ಮೊಳೆ ಹೊಡೀಬೇಡಿ. ಹಿಮ್ಮಡಿ ಕಡೆ ಒಂಚೂರೇ ಅರ ಹಾಕಿ. ಗೊರಸಿನ ತುದಿ ಸ್ವಲ್ಪ ಮುಂದೆ ಚಾಚೋ ಹಾಗೆ ಅಡಿಗೊಂದು ಗಟ್ಟಿ ತುಂಡು ಅಂಟಿಸಬೇಕು, ಆಗ ಹಿಮ್ಮಡಿ ತಾನಾಗಿ ಕೆಳಗೆ ಬರುತ್ತೆ. ದಿನಕ್ಕೆರಡು ಸಲ, ಸ್ವಲ್ಪ ಸ್ವಲ್ಪ ಹೊತ್ತು, ಗಟ್ಟಿ ನೆಲದಲ್ಲಿ ನಡೆಸಿ. ಅಂಟು ನಾನು ತಂದಿದ್ದೀನಿ, ತುಂಡಿಗೇನಿದೆ?”

ಅಂಗಳದ ಮೂಲೆಯಲ್ಲಿ ದುಗ್ಗಮ್ಮ ಬಸಳೆ ಬೆಳೆಸಿದ್ದ ಹಳೆಯ ಟ್ರ್ಯಾಕ್ಟರ್ ಟಯರಿತ್ತು. ಹೂವಪ್ಪ ಅದರ ಪಕ್ಕೆಯಿಂದ ಅಂಗೈಗಿಂತ ಚಿಕ್ಕ ತುಂಡು ಕತ್ತರಿಸಿ, ಡಾಕ್ಟರು ಹೇಳಿದ ಅಳತೆಗೆ ಅರದಲ್ಲಿ ತೀಡಿ ಗೊರಸಿಗೆ ಅಂಟಿಸಿದ. ಹನ್ನೊಂದು ವರ್ಷದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು, ಕೊಟ್ಟದ್ದು ಅದೇ ಶನಿ ಟ್ರ್ಯಾಕ್ಟರು. ಅಂದು ಮೊದಲ ಸಲ ಅದಕ್ಕೆ ಶಾಪ ಹಾಕಲಿಲ್ಲ.

ಇನ್ನು ನಡೆಸುವುದು. ತಾಯಿ ಹೆಜ್ಜೆ ಇಡದೆ ಮರಿ ಇಡದು. ತಾಯಿಗೋ ಹಾಳೆ ಕಂಡರೆ ಮಾತ್ರ ಕಾಲು ಬರುವುದು. ಹಾಗಾಗಿ ದಿನಾ ಬೆಳಿಗ್ಗೆ ಸಂಜೆ ಡಾಂಬರು ರಸ್ತೆಯಲ್ಲಿ ಹೊಸ ಹಾಳೆಟೊಪ್ಪಿ ತೊಟ್ಟ ಹೂವಪ್ಪ ಮುಂದೆ, ಟೊಪ್ಪಿಯ ಮೇಲೆ ಕಣ್ಣಿಟ್ಟ ಚಾಂದಿನಿ ಹಿಂದೆ, ಅದರ ಹಿಂದೆ ಟಕ್ ಟಕ್ ಟಕ್ ಸರ್ರ್ ಎಂದು ಮರಿ. ಡೈರಿಗೆ ಹಾಲು ಹಾಕಲು ಬಂದವರು ಬಿಡುತ್ತಾರೆಯೇ?

“ಹೂವಪ್ಪಣ್ಣ, ದಿಬ್ಬಣ ಯಾವೂರಿಗೆ? ಮದುಮಗ ನಡ್ಕೊಂಡು ಹೋಗ್ತಿದಾನಲ್ಲ!”

“ಗೊತ್ತಿಲ್ಲ ಮಾರಾಯ,” ಎನ್ನುತ್ತಿದ್ದ ಹೂವಪ್ಪ. ಆ ಮಾತು ಈಗ ಸಲೀಸಾಗಿ ಬರುತ್ತಿತ್ತು.

ತಿಂಗಳು ತುಂಬಿದ ದಿನ ವಂದನಾ ಡಾಕ್ಟರೂ ಯೋಗರಾಜನೂ ಬಂದರು. ಡಾಕ್ಟರು ಟಯರ್ ತುಂಡು ಬಿಡಿಸಿ ಕಾಲು ಕೆಳಗೆ ಬಿಟ್ಟರು. ಮರಿ ಗೊರಸಿನ ತುದಿ ಊರಿತು. ಆಮೇಲೆ ಹಿಮ್ಮಡಿ ಮೆಲ್ಲಗೆ ಇಳಿದು ನೆಲಕ್ಕೆ ಕೂತಿತು. ನೋಡಲೆಂದು ಬಗ್ಗಿದ್ದ ಹೂವಪ್ಪನ ಟೊಪ್ಪಿಯನ್ನು ಮರಿ ಗಬಕ್ಕನೆ ಕಚ್ಚಿ ಅಂಗಳದ ಉದ್ದಕ್ಕೂ ಓಡಿತು. ಟಕ್ ಟಕ್ ಟಕ್ ಟಕ್.

ಹೂವಪ್ಪ ಅಟ್ಟಿಸಿಕೊಂಡು ಹೋಗಲಿಲ್ಲ. ಅಲ್ಲೇ ಕೂತು ಅತ್ತ.

“ನೂರು ಕುದ್ರೆ ನೋಡಿದ ಕೈ ಡಾಕ್ಟ್ರೇ ಇದು!” ಎಂದ ಯೋಗರಾಜ್.

“ನೂರಲ್ಲ ಮಾರಾಯ, ಇದೊಂದೇ,” ಹೂವಪ್ಪ ಕಣ್ಣೊರೆಸಿಕೊಂಡ. “ಇದಕ್ಕೂ ಎಂಟು ಲಾಳ ಎಣಿಸಿಟ್ಟಿದ್ದೆ.”

ದುಗ್ಗಮ್ಮ ಬಿದ್ದು ಬಿದ್ದು ನಕ್ಕಳು. ಆಮೇಲೆ ಒಳಗೆ ಹೋಗಿ ಹೊಸ ಟೊಪ್ಪಿಗೆಂದು ಹಾಳೆ ನೆನೆಹಾಕಿದಳು, ಗಂಡ, ಕುದುರೆ, ಮರಿ, ಮೂವರಿಗಾಗುವಷ್ಟು.